ಖಾದರ್‌ಸಾಬರು ಬಿಟ್ಟ ಸಂದು

೧೯೪೩ರಲ್ಲಿ ನಾನು ಕೊಪ್ಪಳದ ಸ್ಟೇಷನ್ ರಸ್ತೆಯ ಒಂದು ಮೋಟಾರು ರಿಪೇರಿ ಅಂಗಡಿಯಲ್ಲಿ ಎರಡನೆಯ ಮೆಕ್ಯಾನಿಕ್ ಆಗಿದ್ದೆ. ಆಗ ನನಗೆ ಇಪ್ಪತ್ತಾರು ವರ್ಷ. ಅದಕ್ಕೂ ಮೊದಲು ನಾಲ್ಕು ವರ್ಷ ಹುಬ್ಬಳ್ಳಿಯ ದೊಡ್ಡ ಗ್ಯಾರೇಜೊಂದರಲ್ಲಿ ಕೆಲಸ ಕಲಿತಿದ್ದೆ. ಅಲ್ಲಿ ಒಂದೊಂದು ಗಾಡಿಗೂ ಕಂಪನಿಯ ಪುಸ್ತಕವಿರುತ್ತಿತ್ತು. ಆ ಪುಸ್ತಕಗಳ ಅಳತೆಗಳನ್ನು ಒಂದು ನೋಟುಬುಕ್ಕಿಗೆ ಇಳಿಸಿಕೊಂಡು, ಒಂದು ಫೀಲರ್ ಗೇಜನ್ನೂ ಕೊಂಡು ಕೊಪ್ಪಳಕ್ಕೆ ಬಂದಿದ್ದೆ. ಫೀಲರ್ ಗೇಜ್ ಎಂದರೆ ಬೇರೆ ಬೇರೆ ದಪ್ಪದ ತೆಳು ಉಕ್ಕಿನ ಎಲೆಗಳ ಕಟ್ಟು. ಎರಡು ಭಾಗಗಳ ನಡುವಿನ ಸಂದನ್ನು ಅಳೆಯುವ ಸಾಧನ. ಇಡೀ ಊರಿನಲ್ಲಿ ಅದು ನನ್ನೊಬ್ಬನ ಬಳಿ ಮಾತ್ರ ಇದೆಯೆಂಬ ಹೆಮ್ಮೆ ನನಗಿತ್ತು.

ಅಂಗಡಿಯ ಮೊದಲನೆಯ ಮೆಕ್ಯಾನಿಕ್ ಖಾದರ್‌ಸಾಬರು. ಎಲ್ಲರೂ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಅದೇ ಅಂಗಡಿಯಲ್ಲಿ ದುಡಿದವರು. ಗೇಜನ್ನು ಅವರು ಮುಟ್ಟಿದವರಲ್ಲ. ಎಣ್ಣೆ ಡಬ್ಬಿಯ ತಗಡನ್ನು ತಿಕ್ಕಿ ತಿಕ್ಕಿ ತಾವೇ ಮಾಡಿಕೊಂಡ ಎರಡು ಪಟ್ಟಿಗಳೇ ಅವರ ಅಳತೆ. ನಾನು ಸೇರುವ ಹೊತ್ತಿಗೆ ಅವರಿಗೆ ಕಿವಿ ಬಹುಮಟ್ಟಿಗೆ ಹೋಗಿತ್ತು. ಎಂಜಿನ್ನಿನ ಸದ್ದು ತಿಳಿಯಲು ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ನಿಲ್ಲುತ್ತಿದ್ದರು. ಗಿರಾಕಿಗಳು ಅದನ್ನು ಕಂಡು ನಗುತ್ತಿದ್ದರು. ಮೊದಮೊದಲು ನಾನು ಕೆಲಸದ ವಿಷಯ ಕೂಗಿ ಕೂಗಿ ಕೇಳುತ್ತಿದ್ದೆ. ಒಂದು ಮಾತಿಗೆ ಮೂರು ಸಲ ಕೂಗಬೇಕಾಗಿ ಬೇಸರ ಬಂತು. ಕ್ರಮೇಣ ಕೇಳುವುದನ್ನೇ ಬಿಟ್ಟೆ. ಅವರೂ ಮಾತು ಕಡಿಮೆ ಮಾಡಿದರು.

ಊರಿನ ಬೆರಳೆಣಿಕೆಯ ಮೋಟಾರ್ ಸೈಕಲ್ಲುಗಳಲ್ಲಿ ಒಂದು ವಕೀಲ ಶ್ರೀಪಾದರಾಯರದು. ಅವರು ಅದರ ಮೇಲೆ ಯಲಬುರ್ಗಾ, ಕುಷ್ಟಗಿಗಳ ಕೋರ್ಟಿಗೆ ಹೋಗಿಬರುತ್ತಿದ್ದರು. ಮೂರು ತಿಂಗಳಿಗೊಮ್ಮೆ ಅದರ ಟ್ಯಾಪೆಟ್ ಸರಿಮಾಡಲು ನಾವು ಅವರ ಮನೆಗೇ ಹೋಗುತ್ತಿದ್ದೆವು. ಟ್ಯಾಪೆಟ್ ಎಂದರೆ ವಾಲ್ವನ್ನು ಕೆಳಗಿನಿಂದ ಎತ್ತುವ ಸಣ್ಣ ಕಡ್ಡಿ. ಕಡ್ಡಿಗೂ ವಾಲ್ವಿನ ಕಾಲಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಬಿಸಿಯಾದಾಗ ಲೋಹ ಹಿಗ್ಗುತ್ತದೆ. ಸಂದು ಸಾಲದಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಬೆಂಕಿಯಂಥ ಹೊಗೆ ಆ ಬಿರುಕಿನಲ್ಲಿ ನುಗ್ಗಿ ಅದರ ಅಂಚನ್ನು ಸುಡುತ್ತದೆ. ಎಂಜಿನ್ ಪೂರ್ತಿ ತಣ್ಣಗಿದ್ದಾಗ ಮಾತ್ರ ಈ ಅಳತೆ ಸರಿಯಾಗಿ ಸಿಗುತ್ತದೆ. ಅಂಗಡಿಗೆ ಓಡಿಸಿ ತಂದರೆ ಬಿಸಿಯಾಗುತ್ತದೆಂದು, ರಾಯರು ಗಾಡಿ ಹೊರತೆಗೆಯುವ ಮುಂಚೆ, ಬೆಳಿಗ್ಗೆಯೇ ಅವರ ಅಂಗಳದಲ್ಲಿ ಕೂತು ಕೆಲಸ ಮುಗಿಸುವ ರೂಢಿ.

ಆ ವರ್ಷದ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಉಸ್ತಾದರು ಎರಡೂ ಟ್ಯಾಪೆಟ್ ಕೂಡಿಸಿ, ನಟ್ಟು ಬಿಗಿದು, ಕೈ ಒರೆಸಿಕೊಂಡು ಎದ್ದರು. "ಮುಚ್ಚಳಾ ಹಾಕಿ ಬಾ ಈರಣ್ಣ. ನಾ ಅಂಗಡಿಗೆ ಹೋಗಿರ್ತೀನಿ" ಎಂದು ಹೊರಟರು.

ಅವರು ಬಾಗಿಲು ದಾಟಿದ ಮೇಲೆ ನಾನು ಜೇಬಿನಿಂದ ಗೇಜ್ ತೆಗೆದೆ. ಹೊಗೆ ಹೊರಹೋಗುವ ಎಕ್ಸಾಸ್ಟ್ ವಾಲ್ವಿಗೆ ನನ್ನ ನೋಟುಬುಕ್ಕಿನಲ್ಲಿದ್ದ ಅಳತೆ ಆರು ಥೌ. ಥೌ ಎಂದರೆ ಒಂದು ಇಂಚಿನ ಸಾವಿರ ಪಾಲಿನಲ್ಲಿ ಒಂದು. ಉಸ್ತಾದರು ಬಿಟ್ಟ ಸಂದಿನಲ್ಲಿ ಹತ್ತು ಥೌನ ಎಲೆ ಸಲೀಸಾಗಿ ಹೋಯಿತು. ಕಿವಿ ಕೇಳದ ಮುದುಕರು ಅಂದಾಜು ತಪ್ಪಿದ್ದಾರೆ ಎಂದುಕೊಂಡೆ. ಓಡಿಹೋಗಿ ಕೇಳಬಹುದಿತ್ತು, ಬೀದಿಯಲ್ಲಿ ಕೂಗಬೇಕಲ್ಲ ಎನಿಸಿತು. ಎರಡು ಸ್ಪ್ಯಾನರ್ ಹಿಡಿದು ಐದು ನಿಮಿಷದಲ್ಲಿ ಸಂದನ್ನು ಆರಕ್ಕೆ ಇಳಿಸಿ, ಮುಚ್ಚಳ ಹಾಕಿ, ಗಾಡಿ ಚಾಲೂ ಮಾಡಿದೆ. ಮೊದಲಿದ್ದ ಟಿಕ್ ಟಿಕ್ ಸದ್ದು ಮಾಯವಾಗಿತ್ತು.

ರಾಯರು ಹೊರಗೆ ಬಂದು, "ಎಷ್ಟು ಛಲೋ ಆಗೇದ ನೋಡು! ಖಾದರಸಾಬನ ಕೈ ಅಂದ್ರ ಕೈ" ಎಂದರು. ನಾನು ಸುಮ್ಮನೆ ನಕ್ಕೆ.

ಮೂರು ವಾರಕ್ಕೆ ಆ ಗಾಡಿ ಎತ್ತಿನ ಬಂಡಿಯಲ್ಲಿ ಅಂಗಡಿಗೆ ಬಂತು. ಯಲಬುರ್ಗಾ ಕೋರ್ಟಿಗೆ ಹೊರಟಿದ್ದ ರಾಯರು ಕುಕನೂರು ದಾಟುವಾಗ ಎಂಜಿನ್ ಕಸುವು ಕಳೆದುಕೊಂಡು ನಿಂತಿತ್ತಂತೆ. ಉಸ್ತಾದರೇ ಬಿಚ್ಚಲು ಕೂತರು. ಟ್ಯಾಪೆಟ್ಟಿನ ಮುಚ್ಚಳ ತೆಗೆದವರೇ ತಮ್ಮ ತಗಡಿನ ಪಟ್ಟಿಯನ್ನು ಸಂದಿಗೆ ಹಿಡಿದರು. ಅದು ಒಳಗೆ ಹೋಗಲಿಲ್ಲ. ತಲೆಯೆತ್ತಿ ನನ್ನ ಮುಖವನ್ನೇ ನೋಡಿದರು. ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ.

ವಾಲ್ವ್ ಹೊರಗೆ ಬಂದಾಗ ಅದರ ಅಂಚು ಕಚ್ಚಿದ ರೊಟ್ಟಿಯಂತೆ ಸುಟ್ಟು ಹೋಗಿತ್ತು. ರಾಯರು ಹಣೆ ಹಣೆ ಬಡಿದುಕೊಂಡರು. "ಯುದ್ಧದ ಸಲುವಾಗಿ ಹೋದ ವರ್ಷ ಎಲ್ಲೂ ವಾಲ್ವ್ ಸಿಗಲಾರದ್ದಕ್ಕ, ಲಾರಿದು ಒಂದು ತಂದು ಹೊಸಪೇಟಿಯೊಳಗ ಲೇತಿಗೆ ಹಾಕಿಸಿ, ಸಣ್ಣದು ಮಾಡಿ ಕೂಡಿಸಿದ್ದ ಈ ಖಾದರಸಾಬ. ಈಗ ತಾನ ಸುಟ್ಟು ಕೂತಾನ!"

ಆಗ ನನಗೆ ಎಲ್ಲವೂ ತಿಳಿಯಿತು. ಅದು ಕಂಪನಿಯ ವಾಲ್ವಾಗಿರಲಿಲ್ಲ; ನಾನು ಅಂಗಡಿಗೆ ಸೇರುವ ಮೊದಲೇ ಕೂಡಿಸಿದ್ದ ಲಾರಿಯ ವಾಲ್ವ್. ಆ ಉಕ್ಕು ಹೆಚ್ಚು ಹಿಗ್ಗುತ್ತದೆ, ಅದಕ್ಕೆ ಹತ್ತು ಥೌ ಸಂದು ಬೇಕೇ ಬೇಕು. ಉಸ್ತಾದರು ಒಂದು ವರ್ಷ ಅದನ್ನು ಹಾಗೆಯೇ ಓಡಿಸಿಕೊಂಡು ಬಂದಿದ್ದರು. ನಾನು ಅದನ್ನು ಮೂರು ವಾರದಲ್ಲಿ ಸುಟ್ಟಿದ್ದೆ.

ಅಂಗಡಿಯ ಮಾಲೀಕರಾದ ಗುರುಸಿದ್ದಪ್ಪನವರು ವಾಲ್ವನ್ನು ಕೈಯಲ್ಲಿ ತಿರುವಿ ನೋಡಿದರು. "ಕಿವಿ ಹೋತು, ಈಗ ಕೈನೂ ಹೋತು. ಇನ್ನ ಇವ್ರನ್ನ ಹೆಂಗ ಇಟ್ಕೊಳ್ಳೂದು?" ಎಂದರು. ಉಸ್ತಾದರಿಗೆ ಮಾತು ಕೇಳಿಸಲಿಲ್ಲ, ಮುಖ ನೋಡಿ ಅರ್ಥವಾಯಿತು. ಅವರು ಮತ್ತೊಮ್ಮೆ ನನ್ನ ಕಡೆ ನೋಡಿದರು. ನನ್ನ ನಾಲಿಗೆ ಏಳಲಿಲ್ಲ. ಕೆಲಸ ಹೋದೀತೆಂಬ ಹೆದರಿಕೆ. ಅದಕ್ಕಿಂತ ಹೆಚ್ಚಾಗಿ, ಹುಬ್ಬಳ್ಳಿಯಲ್ಲಿ ಕಲಿತವನೆಂಬ ಹೆಸರು ಹೋದೀತೆಂಬ ಹೆದರಿಕೆ. ಆ ಶುಕ್ರವಾರವೇ ಅವರ ಕೊನೆಯ ದಿನವಾಯಿತು. ಮರುವಾರ ನಾನು ಮೊದಲನೆಯ ಮೆಕ್ಯಾನಿಕ್ ಆದೆ.

ಐದು ತಿಂಗಳು ಆ ಭಾರ ಹೊತ್ತು ತಿರುಗಿದೆ. ಕೊನೆಗೆ ಆಗಸ್ಟಿನಲ್ಲಿ, ಪೆಟ್ರೋಲಿಲ್ಲದೆ ಇದ್ದಿಲು ಗ್ಯಾಸಿನ ಮೇಲೆ ತೆವಳುತ್ತಿದ್ದ ಸರ್ವಿಸ್ ಮೋಟಾರು, ಅಂದರೆ ಬಸ್ಸು, ಹತ್ತಿ ಗಂಗಾವತಿಗೆ ಹೋದೆ. ಉಸ್ತಾದರು ಅಲ್ಲಿ ಮಗಳು ಫಾತಿಮಾಬಿಯ ಮನೆಯಲ್ಲಿದ್ದರು. ಅವರು ಕಟ್ಟೆಯ ಮೇಲೆ ಕೂತಿದ್ದರು. ಮಗಳು ಪಕ್ಕದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು.

"ಉಸ್ತಾದ, ಆ ಸಂದು ಬದಲಿ ಮಾಡಿದಾಂವ ನಾನು" ಎಂದೆ.

ಅವರು ಕಿವಿಗೆ ಕೈ ಹಚ್ಚಿ, "ಏನಂದಿ?" ಎಂದರು.

ಇನ್ನೊಮ್ಮೆ ಹೇಳಿದೆ. ಕೇಳಿಸಲಿಲ್ಲ. ಮೂರನೆಯ ಸಲ ಗಂಟಲು ಹರಿಯುವಂತೆ ಕೂಗಿದೆ. ಎದುರು ಮನೆಯವರು ಬಾಗಿಲಿಗೆ ಬಂದರು. ಫಾತಿಮಾಬಿಯ ಕೈಯಲ್ಲಿದ್ದ ಮೊರ ನಿಂತಿತು.

"ಗೊತ್ತೈತಿ" ಎಂದರು ಉಸ್ತಾದರು. "ಅವತ್ತ ಅಂಗಡ್ಯಾಗ ನೀ ಹೇಳ್ತಿ ಅಂತ ನಿಂತಿದ್ದೆ."

"ನೀವ ಹೇಳಬೇಕಿತ್ತಲ್ರಿ!" ಎಂದು ಮತ್ತೆ ಕೂಗಿದೆ.

"ನಾ ಹೇಳಿದ್ರ, ಕಿವುಡ ತನ್ನ ತಪ್ಪು ಇನ್ನೊಬ್ಬನ ಮ್ಯಾಲೆ ಹಾಕ್ತಾನ ಅಂತಿದ್ರು. ನೀ ಹೇಳಿದ್ರ ನಂಬ್ತಿದ್ರು."

"ಅದು ಲಾರಿ ವಾಲ್ವ್ ಅಂತ ನನಗ ಮೊದಲ ಯಾಕ ಹೇಳಿರಲಿಲ್ಲ, ಉಸ್ತಾದ?"

"ನೀ ಕೇಳೂದ ಬಿಟ್ಟಿದ್ದಿ" ಎಂದರು.

ನಾನು ಎದ್ದು ಹೊರಡುವಾಗ ಫಾತಿಮಾಬಿ ಬಾಗಿಲವರೆಗೆ ಬಂದಳು. "ಇಷ್ಟು ಹೇಳಾಕ ಐದು ತಿಂಗಳ ಯಾಕ ಬೇಕಾತ್ರಿ ನಿಮಗ?" ಎಂದು ಕೇಳಿದಳು.

ಮರುದಿನ ಮಾಲೀಕರ ಮುಂದೆಯೂ ರಾಯರ ಮುಂದೆಯೂ ನಡೆದದ್ದನ್ನು ಹೇಳಿದೆ. ಮಾಲೀಕರು ಬೈದರು; ಆದರೆ ಯುದ್ಧದ ಕಾಲದಲ್ಲಿ ಬೇರೆ ಮೆಕ್ಯಾನಿಕ್ ಸಿಗುವಂತಿರಲಿಲ್ಲ, ನನ್ನ ಕೆಲಸ ಉಳಿಯಿತು. ರಾಯರು ಉಸ್ತಾದರಿಗೆ ತಾವೇ ಕಾಗದ ಬರೆದು, ತಪ್ಪು ತಿಳಿದೆವು, ವಾಪಸು ಬರಬೇಕು ಎಂದು ಕೇಳಿಕೊಂಡರು. ಉತ್ತರ ಬರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಉಸ್ತಾದರು ತೀರಿಕೊಂಡರೆಂಬ ಸುದ್ದಿಯನ್ನು ಸರ್ವಿಸ್ ಮೋಟಾರಿನ ಡ್ರೈವರ್ ತಂದ.

ಅದಾದ ಮೇಲೆ ಮೂವತ್ತು ವರ್ಷ ಅದೇ ಕೆಲಸ ಮಾಡಿದೆ. ಇನ್ನೊಬ್ಬ ಮೆಕ್ಯಾನಿಕ್ ಬಿಗಿದ ನಟ್ಟಿಗೆ ಸ್ಪ್ಯಾನರ್ ಹಾಕುವ ಮೊದಲು, ಅವನು ಎಲ್ಲಿದ್ದರೂ ಹೋಗಿ, ಹೀಗೇಕೆ ಬಿಗಿದೆ ಎಂದು ಕೇಳಿಕೊಂಡು ಬರುತ್ತಿದ್ದೆ. ಒಮ್ಮೊಮ್ಮೆ ಅದಕ್ಕಾಗಿ ಒಂದಿಡೀ ದಿನ ಹೋಗುತ್ತಿತ್ತು. ಗಿರಾಕಿಗಳು ಬೈಯುತ್ತಿದ್ದರು. ನನ್ನ ಕೈಕೆಳಗಿನ ಹುಡುಗರಿಗೆ ಇದು ಮುದುಕನ ಚಾಳಿಯೆನಿಸುತ್ತಿತ್ತು. ಕಾರಣ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೆ. ಉಸ್ತಾದರ ಹೆಸರು ಬಂದಕೂಡಲೇ ಸ್ಪ್ಯಾನರ್ ಕೆಳಗಿಟ್ಟು, ಕೇಳಿಕೊಂಡು ಬರಲು ಹೊರಟುಬಿಡುತ್ತಿದ್ದೆ.