ಎರಡೆರಡು ಮಾತ್ರೆ

ಸ್ಟೇಪ್ಲರ್ ಪಿನ್ನು ಹುಡುಕುತ್ತ ಇವತ್ತು ಬೆಳಿಗ್ಗೆ ಆಫೀಸಿನ ಕಪಾಟಿನ ಬಿಸ್ಕತ್ತು ಡಬ್ಬಿ ತೆರೆದೆ. ಕಹಿ ವಾಸನೆ ಮೂಗಿಗೆ ಹೊಡೆಯಿತು. ಆ ವಾಸನೆ ನಿಮಗೂ ಗೊತ್ತಿರಬಹುದು, ಯಾರೋ ಅರ್ಧಕ್ಕೇ ನಿಲ್ಲಿಸಿ ಉಳಿಸಿದ ಮಾತ್ರೆಗಳದ್ದು.

ಪಾಲಿಬೆಟ್ಟದ ಹತ್ತಿರದ ಈ ಎಸ್ಟೇಟಿನಲ್ಲಿ ನಾನು ರೈಟರ್. ಕತೆ ಬರೆಯುವವಳಲ್ಲ, ಹಾಜರಿ ಬರೆಯುವವಳು. ನಮ್ಮ ಕೂಲಿಯಾಳುಗಳ ಲೈನ್ ಮನೆಗಳಲ್ಲಿ ಯಾರೂ ಮಾತ್ರೆ ಬಿಸಾಡುವುದಿಲ್ಲ. ಜ್ವರ ಬಿಟ್ಟ ದಿನವೇ ಉಳಿದದ್ದನ್ನು ತಂದು, "ಇಟ್ಕೊಳ್ಳಿ ಅಕ್ಕ, ಯಾರಿಗಾದ್ರೂ ಆಗ್ತದೆ" ಎಂದು ಕೊಡುತ್ತಾರೆ. ನಾನು ಬಣ್ಣ ನೋಡಿ ವಿಂಗಡಿಸಿಡುತ್ತಿದ್ದೆ. ಎಂ.ಎ. ಮಾಡಿದವಳಲ್ಲವೇ, ಸ್ಟ್ರಿಪ್ಪಿನ ಹಿಂದಿನ ಇಂಗ್ಲಿಷ್ ಓದಬಲ್ಲೆನೆಂಬ ಜಂಬ.

ಎರಡು ವರ್ಷದ ಹಿಂದೆ, ಪಿಕಿಂಗ್ ಜೋರಾಗಿದ್ದಾಗ, ಜಾನಕಿ ಬಂದಳು. ಕಾಫಿ ಹಣ್ಣು ಕೊಯ್ಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. "ಮೂತ್ರಕ್ಕೆ ಹೋದ್ರೆ ಹಸಿಮೆಣಸು ಅರೆದು ಹಚ್ಚಿದ ಹಾಗೆ ಉರೀತದೆ ಅಕ್ಕ."

ಉರಿಯದೆ ಏನು? ಬೆಳಿಗ್ಗೆ ತೋಟಕ್ಕಿಳಿದರೆ ಸಂಜೆಯವರೆಗೆ ಹೆಂಗಸರಿಗೆ ಒಂದು ಕಕ್ಕಸಿಲ್ಲ. ಅದಕ್ಕೇ ಅವರು ನೀರು ಕುಡಿಯುವುದಿಲ್ಲ, ಬಂದದ್ದನ್ನು ತಡೆದುಕೊಳ್ಳುತ್ತಾರೆ. ಒಮ್ಮೆ ಸಾಹುಕಾರರಿಗೆ ಹೇಳಿದ್ದೆ. "ಇಷ್ಟು ಎಕರೆ ಮರೆ ಉಂಟಲ್ಲ, ಇನ್ನೇನು ಬೇಕು?" ಎಂದು ನಕ್ಕರು. ಆ ಮರೆಯೊಳಗೆ ಆನೆ. ಮೇಲೆ, ಕಾಳುಮೆಣಸಿನ ಬಳ್ಳಿಗೆ ಏಣಿ ಹಾಕಿ ನಿಂತ ಗಂಡಸರು. ಆ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಆಗ ನಾನೂ ಸ್ವಲ್ಪ ನಕ್ಕಿದ್ದೆನೇನೋ ಎಂಬ ಅನುಮಾನವೂ ಇದೆ.

ಜಾನಕಿಗೆ ಹಳದಿ ಮಾತ್ರೆ ಎರಡು ಕೊಟ್ಟೆ. ಮೂರನೇ ದಿನ, "ನಿಮ್ಮ ಕೈಗುಣ ಅಕ್ಕ! ಬಾಗಿಲಿಗೆ ಡಾಕ್ಟ್ರು ಅಂತ ಬೋರ್ಡ್ ಹಾಕಿ" ಎಂದು ಗೇಲಿ ಮಾಡಿದಳು. ಉಬ್ಬಿಹೋದೆ. ಉರಿ ಮತ್ತೆ ಬಂದಾಗ ಬಿಳಿಯವು ಎರಡು. ಆಮೇಲೆ ಕೆಂಪು ಎರಡು. ಅವಳೊಳಗಿನ ರೋಗಾಣುಗಳು ಸಾಯುವಷ್ಟಲ್ಲ, ಪಾಠ ಕಲಿಯುವಷ್ಟು.

ಕೊನೆಗೆ ಚಳಿಜ್ವರದಲ್ಲಿ ನಡುಗುತ್ತಿದ್ದವಳನ್ನು ಜೀಪಿನಲ್ಲಿ ಆಸ್ಪತ್ರೆಗೆ ಒಯ್ದೆವು. ಸೋಂಕು ಕಿಡ್ನಿಗೆ ಏರಿತ್ತು. ಮೂತ್ರದ ಕಲ್ಚರ್ ರಿಪೋರ್ಟಿನಲ್ಲಿ ಔಷಧಿಗಳ ಹೆಸರಿನೆದುರು ಸಾಲಾಗಿ 'ಆರ್'.

"ಆರ್ ಅಂದ್ರೆ ರೋಗಾಣು ಈ ಮದ್ದಿಗೆ ಜಗ್ಗುವುದಿಲ್ಲ ಅಂತ," ಎಂದರು ಡಾಕ್ಟರು. "ಯಾವ ಮಾತ್ರೆ ತಿಂದೆ? ಯಾರು ಕೊಟ್ಟದ್ದು?"

ಜಾನಕಿ ನನ್ನ ಕಡೆ ನೋಡಲಿಲ್ಲ. "ಮೆಡಿಕಲ್ ಶಾಪಲ್ಲಿ ಸರ್. ಹೆಸರು ಗೊತ್ತಿಲ್ಲ."

ಪಕ್ಕದಲ್ಲೇ ನಿಂತಿದ್ದ ನಾನು ಗಂಜಿಯ ಫ್ಲಾಸ್ಕಿನ ಮುಚ್ಚಳ ಇನ್ನಷ್ಟು ಬಿಗಿ ಮಾಡಿದೆ. ಒಂದೇ ಒಂದು ಇಂಜೆಕ್ಷನ್ ನಾಟಿತು. ಬದುಕಿದಳು.

ಮೊದಲ ದಿನವೇ ಡಾಕ್ಟರಿಗೆ ತೋರಿಸು ಎಂದಿದ್ದೆ, ಅವಳೇ ಕೇಳಲಿಲ್ಲ ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನಂಬಿಯೂ ಇದ್ದೆ. ಇವತ್ತು ಆ ವರ್ಷದ ಡೈರಿ ತೆಗೆದೆ. ನನ್ನದೇ ಅಕ್ಷರ: "ಡಾಕ್ಟರಿಗೆ ತೋರಿಸಬೇಕೆಂದು ಜಾನಕಿ ರಜೆ ಕೇಳಿದಳು. ಹಣ್ಣು ಉದುರುತ್ತಿದೆ, ಪಿಕಿಂಗ್ ಮುಗಿಯಲಿ ಎಂದೆ. ಮಾತ್ರೆ ಕೊಟ್ಟೆ."

ಮೊನ್ನೆಯಿಂದ ಜಾನಕಿ ಮತ್ತೆ ಅದೇ ವಾರ್ಡಿನಲ್ಲಿದ್ದಾಳೆ. ಆ ಇಂಜೆಕ್ಷನ್ನೂ ಈ ಸಲ ನಾಟುತ್ತದೋ ಇಲ್ಲವೋ, ರಿಪೋರ್ಟ್ ಬಂದಿಲ್ಲ. ಮಧ್ಯಾಹ್ನ ಬಿಸ್ಕತ್ತು ಡಬ್ಬಿ ಹಿಡಿದುಕೊಂಡೇ ಹೋಗಿ ಡಾಕ್ಟರಿಗೆ ಹೇಳಿದೆ: "ಕೊಟ್ಟದ್ದು ನಾನು. ಇವೇ ಮಾತ್ರೆಗಳು. ಎರಡೆರಡು."

ಜಾನಕಿ ನನ್ನ ಸೆರಗು ಜಗ್ಗಿದಳು. "ಸುಮ್ನಿರಿ ಅಕ್ಕ. ಸಾಹುಕಾರ್ರಿಗೆ ಗೊತ್ತಾದ್ರೆ ನಿಮ್ಮನ್ನ ಕಳಿಸಿಬಿಡ್ತಾರೆ."

"ಗೊತ್ತಾಗಲಿ. ಕಕ್ಕಸಿನ ಮಾತೂ ಅವತ್ತೇ ಆಗಿಹೋಗಲಿ."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು. ಹಾಳೆ ಮಗುಚಿ, "ಇನ್ನೂ ಯಾರ್ಯಾರಿಗೆ ಕೊಟ್ಟಿದ್ದೀರಿ?" ಎಂದರು.

ಮೊದಲನೇ ಲೈನಿನ ಮೊದಲ ಮನೆಯಿಂದ ಹೆಸರು ಹೇಳತೊಡಗಿದೆ.