ಮೀನು ದಾಟಿಸುವ ಜುಲ್ಮೀರಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಾತ್ರಿ ಹೊರಟ ಪ್ರಯಾಣಿಕರ ಲಾಂಚಿನ ಕೆಳ ಅಂತಸ್ತಿನಲ್ಲಿ ಜುಲ್ಮೀರಾ ಮೊಣಕಾಲೂರಿ ಕೂತಿದ್ದಾಳೆ. ಎದುರಿಗೆ ಅಗಲವಾದ ಪ್ಲಾಸ್ಟಿಕ್ ಬೇಸಿನ್ನುಗಳ ಸಾಲು. ಒಂದೊಂದರ ಮೇಲಿನ ಒದ್ದೆ ಬಟ್ಟೆ ಸರಿಸಿ ಮೊದಲು ನೀರನ್ನು ಮೂಸುತ್ತಾಳೆ, ಆಮೇಲೆ ನೋಡುತ್ತಾಳೆ. ಅರ್ಧ ಕಿರುಬೆರಳಿನಷ್ಟಿರುವ, ಕೆಂಪು-ನೀಲಿ ಪಟ್ಟೆಯ ಕಾರ್ಡಿನಲ್ ಮೀನುಗಳು ಗುಂಪಾಗಿ ತಿರುಗುತ್ತಿವೆ. ಸತ್ತದ್ದೊಂದು ಕಂಡರೆ ಎರಡು ಬೆರಳಲ್ಲಿ ಹೆಕ್ಕಿ ಹೊರಗೆಸೆಯುತ್ತಾಳೆ.

“ಸತ್ತಿದ್ದನ್ನ ಬಿಟ್ರೆ ಅದು ಮಿಕ್ಕಿದ್ದನ್ನೂ ಕೆಡಿಸುತ್ತೆ. ಅಂಥೋರು ನಮ್ಮೂರಲ್ಲೂ ಇದಾರೆ.”

ಬಾರ್ಸೆಲೋಸ್ ಊರಿನಿಂದ ಮನಾವುಸ್ ನಗರಕ್ಕೆ ಕಪ್ಪು ನೀರಿನ ರಿಯೊ ನೆಗ್ರೊ ನದಿಯ ಮೇಲೆ ಒಂದು ಹಗಲು, ಒಂದು ರಾತ್ರಿ ಮೀರಿದ ಪ್ರಯಾಣ. ಅಲ್ಲಿಂದ ಮೀನುಗಳು ವಿಮಾನ ಹತ್ತಿ ಯಾರ್ಯಾರದೋ ಮನೆಯ ಗಾಜಿನ ತೊಟ್ಟಿ ಸೇರುತ್ತವೆ. ಹಿಡಿಯುವವರ ಫೋಟೊ ಆಗಾಗ ಪತ್ರಿಕೆಯಲ್ಲಿ ಬರುತ್ತದೆ. ದಾರಿಯುದ್ದಕ್ಕೂ ಅವನ್ನು ಬದುಕಿಸುವವಳ ಫೋಟೊ ಬಂದದ್ದಿಲ್ಲ. ಮೊದಲು ಈ ಕೆಲಸ ಗಂಡನದಾಗಿತ್ತು. ಅವನು ಮಲೇರಿಯಾದಲ್ಲಿ ಹೋದ. ಮಣ್ಣು ಮಾಡಿ ಬಂದ ಮುಂದಿನ ವಾರವೇ ಈಕೆ ಅವನು ಮಲಗುತ್ತಿದ್ದ ಜೋಲಿಯನ್ನು ಇದೇ ಲಾಂಚಿನಲ್ಲಿ ಕಟ್ಟಿದಳು. “ಅಳ್ತಾ ಕೂತ್ರೆ ಮೀನು ಕಾಯುತ್ತಾ?”

ಹೊರಡುವ ಮುನ್ನ ಮೀನಿಗೆ ಊಟವಿಲ್ಲ. ತಿಂದರೆ ನೀರು ಹೊಲಸಾಗುತ್ತದೆ. ಬೇಸಿನ್ನಿಗೊಂದು ಚಿಟಿಕೆ ಉಪ್ಪು. ಎಂಜಿನ್ನಿನ ಬಿಸಿ ತಾಗಬಾರದು, ಬಿಸಿಲು ಬೀಳಬಾರದು. ಪಕ್ಕದಲ್ಲಿ ಯಾರಾದರೂ ಸಿಗರೇಟು ಹಚ್ಚಿದರೆ ಜುಲ್ಮೀರಾ ಅದನ್ನು ಕಿತ್ತು ನದಿಗೆ ಹಾಕುತ್ತಾಳೆ.

ಈ ಸಲ ಕೋಪ ಇನ್ನೂ ಹೆಚ್ಚು. ಆಕೆ ಜ್ವರದಲ್ಲಿ ಮಲಗಿದ್ದಾಗ ಬೇರೆಯವರು ಒಯ್ದ ಮೀನು ಎರಡು ಸಲವೂ ಅರ್ಧಕ್ಕರ್ಧ ಸತ್ತಿತ್ತು. ಇನ್ನೊಮ್ಮೆ ಹೀಗಾದರೆ ಕೊಳದಲ್ಲಿ ಸಾಕಿದ ಮೀನನ್ನೇ ಕೊಳ್ಳುತ್ತೇನೆ, ನದಿಯದು ಬೇಡ ಎಂದು ಮನಾವುಸ್‌ನ ವ್ಯಾಪಾರಿ ವಾಲ್ಡೆಮಿರ್ ಹೇಳಿ ಕಳಿಸಿದ್ದಾನೆ. ಹಾಗಾದರೆ ಈ ಮೀನು ಹಿಡಿಯುವ ಆಕೆಯ ಅಣ್ಣನ ಹಳ್ಳಿ ಪೂರ್ತಿ ಬಲೆ ಮಡಚಿಡಬೇಕು. ಅಲ್ಲಿ ಬೇರೆ ಕಸುಬಿಲ್ಲ.

ಕಾಫಿ ಕುಡಿಯಲೆಂದು ಆಕೆ ಮೇಲಕ್ಕೆ ಹೋಗುತ್ತಾಳೆ. ಇಳಿದು ಬರುವಷ್ಟರಲ್ಲಿ ಲಾಂಚಿನ ಹೊಸ ಆಳು ಜೆನಿವಾಲ್ಡೊ ನದಿಯಿಂದ ಬಕೆಟ್ ಎತ್ತಿ ಮೊದಲ ಬೇಸಿನ್ನಿಗೆ ಸುರಿದಿದ್ದಾನೆ. ನೀರು ಹಾಲು ಹಾಕಿದ ಚಹಾದಂತಿದೆ. ಬ್ರಾಂಕೊ ನದಿ ಬಂದು ಸೇರುವ ಜಾಗವಿದು. ಎಡದಡದ ಉದ್ದಕ್ಕೂ ಅದರ ಮಣ್ಣುನೀರೇ ಹರಿಯುತ್ತದೆ.

“ನಿಲ್ಸೋ! ಏನ್ ಸುರೀತಿದೀಯ?”

“ಹೊಸ ನೀರು, ದೋನಾ,” ಎಂದು ಮರ್ಯಾದೆಯಿಂದಲೇ ಹೇಳುತ್ತಾನೆ ಅವನು. “ನಮ್ಮ ಸೊಲಿಮೋಯಿಸ್ ನದಿ ಕಡೆ ಇಂಥಾ ನೀರಲ್ಲೇ ಮೀನು ಕುಣಿಯುತ್ತೆ.”

“ನಿಮ್ಮೂರ್ ಮೀನು ಕುಣೀಲಿ. ಇವು ಕಪ್ಪು ನೀರಲ್ಲಿ ಹುಟ್ಟಿದ್ದು. ಇಡು ಕೆಳಗೆ!”

ಆ ಬೇಸಿನ್ನಿನ ಮೀನುಗಳು ಆಗಲೇ ಬಾಯಿ ತೆರೆದು ಮೇಲೆ ಬಂದಿವೆ. ಉಳಿದವುಗಳ ನೀರೂ ಹಳಸಿದೆ, ಬಿಸಿಲೇರುವ ಮೊದಲು ಬದಲಾಗಬೇಕು. ಕಪ್ಪು ನೀರಿರುವುದು ಆಚೆ, ಬಲದಡದ ಕಡೆ. ಜುಲ್ಮೀರಾ ಮೆಟ್ಟಿಲೇರಿ ಚುಕ್ಕಾಣಿ ಹಿಡಿದ ಒಸ್ಮಾರ್‌ನ ಮುಂದೆ ನಿಲ್ಲುತ್ತಾಳೆ. ಅವನು ಆಕೆಯ ಮಗಳ ಧರ್ಮಪಿತ; ಆ ನಂಟಿನಿಂದ ಇಬ್ಬರೂ ಕೊಂಪಾದ್ರೆ, ಕೊಮಾದ್ರೆ ಎಂದೇ ಕರೆದುಕೊಳ್ಳುತ್ತಾರೆ.

“ಆ ಕಡೆ ತಿರುಗ್ಸು, ಕೊಂಪಾದ್ರೆ.”

“ಇವತ್ತು ಮೀನಿಗೆ ತಿರುಗ್ಸಿದ್ರೆ ನಾಳೆ ಕೋಳಿಗೂ ತಿರುಗ್ಸಬೇಕಾಗುತ್ತೆ, ಕೊಮಾದ್ರೆ. ಜನ ಬೈತಾರೆ.”

“ಹಾಗಾದ್ರೆ ಎಂಜಿನ್ ಸಣ್ಣ ಮಾಡು. ನಾನೇ ಹೋಗ್ತೀನಿ.”

ಒಸ್ಮಾರ್ ಗೊಣಗುತ್ತಾನೆ, ಆದರೆ ಸಣ್ಣ ಮಾಡುತ್ತಾನೆ. ಲಾಂಚಿನ ಹಿಂದೆ ಕಟ್ಟಿದ ಪುಟ್ಟ ದೋಣಿಗೆ ಡ್ರಮ್ಮು ಇಳಿಸಿ ಜುಲ್ಮೀರಾ ಹತ್ತುತ್ತಾಳೆ. ಜೆನಿವಾಲ್ಡೊ ಯಾರೂ ಹೇಳದೆ ಹುಟ್ಟು ತಗೊಂಡು ಕೂರುತ್ತಾನೆ. ಮೇಲಿನಿಂದ ಜೋಲಿಯಲ್ಲಿ ಮಲಗಿದ ಒಬ್ಬ ಕೂಗುತ್ತಾನೆ: “ದೋನಾ, ಬರ್ತಾ ಕರಿಯೋಕೊಂದು ಮೀನು ತನ್ನಿ!”

“ನಿನ್ ನಾಲಿಗೇನೇ ಕರೀತೀನಿ, ಬಂದೆ ಇರು!”

ನದಿಯ ನಡುವೆ ಎರಡು ನೀರು ಬೇರೆಯಾಗುವ ಗೆರೆ ಕಣ್ಣಿಗೇ ಕಾಣುತ್ತದೆ. ಅದನ್ನು ದಾಟಿದರೂ ಆಕೆ ನಿಲ್ಲಿಸುವುದಿಲ್ಲ. ಇನ್ನಷ್ಟು ದೂರ ಹುಟ್ಟು ಹಾಕಿಸಿ, ಬೊಗಸೆಯಲ್ಲಿ ನೀರೆತ್ತಿ ನಾಲಿಗೆಗೆ ಮುಟ್ಟಿಸಿ ನೋಡಿ, ಆಮೇಲೆ ಡ್ರಮ್ಮು ಮುಳುಗಿಸುತ್ತಾಳೆ. ವಾಪಸು ಬಂದು ಅರ್ಧ ನೀರು ತೆಗೆದು ಅರ್ಧ ತುಂಬುವ ಕೆಲಸ. ಸುರಿಯುವುದು ಜೆನಿವಾಲ್ಡೊ, ಬೈಯುವುದು ಜುಲ್ಮೀರಾ. “ಅಂಚಿಗೆ ಸುರಿ, ಮೆಲ್ಲಗೆ. ಕೂಸಿಗೆ ಸ್ನಾನ ಮಾಡಿಸ್ದಂಗೆ. ಹಂದಿ ತೊಳೀತಿದೀಯ ನೀನು.” ಎಲ್ಲ ಮುಗಿದ ಮೇಲೆ ಮರಗೆಣಸಿನ ಹಿಟ್ಟನ್ನು ನೀರಲ್ಲಿ ಕಲಸಿ ಇಬ್ಬರೂ ಒಂದೇ ಬಟ್ಟಲಿನಿಂದ ತಿನ್ನುತ್ತಾರೆ.

ಮರುದಿನ ಮನಾವುಸ್ ಬಂದರಿನಲ್ಲಿ ವಾಲ್ಡೆಮಿರ್ ತಾನೇ ಬಂದು ನಿಂತಿದ್ದಾನೆ. ಜುಲ್ಮೀರಾ ಮೊದಲು ಕೆಟ್ಟ ಬೇಸಿನ್ನನ್ನೇ ಅವನ ಕಾಲ ಬಳಿಗೆ ತಳ್ಳುತ್ತಾಳೆ.

“ಇದು ಹೋಯ್ತು. ಮೊದ್ಲು ಇದನ್ನ ನೋಡು, ಆಮೇಲೆ ಮಿಕ್ಕಿದ್ದು.”

ಆಳಿನ ಹೆಸರು ಹೇಳುವುದಿಲ್ಲ. ಜೆನಿವಾಲ್ಡೊ ನೆಲ ನೋಡುತ್ತಾನೆ. ವಾಲ್ಡೆಮಿರ್ ಒಂದೊಂದೇ ಬಟ್ಟೆ ಎತ್ತುತ್ತಾನೆ, ಕೈಯಾಡಿಸುತ್ತಾನೆ. ಮೀನುಗಳು ಚಿಮ್ಮಿ ಚದುರುತ್ತವೆ. ಕೊನೆಯ ಬೇಸಿನ್ ಮುಚ್ಚಿ ಎದ್ದು ನಿಲ್ಲುತ್ತಾನೆ.

“ಮುಂದಿನ ಲಾಂಚಿಗೂ ನಿಮ್ಮಣ್ಣ ಮೀನು ಕಳಿಸ್ಲಿ. ಆದ್ರೆ ಜೊತೆಗೆ ನೀವೇ ಬರ್ಬೇಕು, ದೋನಾ.”

“ಬರ್ತೀನಿ. ಬೇಸಿನ್ ಬೇಗ ಖಾಲಿ ಮಾಡಿ ಕೊಡು. ನಿನ್ನೋರು ಸೋಪು ಹಾಕಿ ತೊಳ್ದುಬಿಟ್ಟಾರು, ಹೇಳಿಡು; ಸೋಪು ಉಳಿದ್ರೆ ಮೀನು ಸಾಯುತ್ತೆ. ತೊಳೆಯೋದು ನನ್ ಕೆಲ್ಸ.”