ಆರನೆಯ ಗ್ರಂಥಿ

...ಐದೇ ಇದ್ದವು. ಅಥವಾ ಐದೇ ಎಂದು ನಾನು ಆಮೇಲೆ ನಂಬಿಕೊಂಡೆನೋ? ಹೇಳಿ ಹೇಳಿ ನೆನಪು ಸವೆದಿದೆ, ಅದರ ಮೇಲೆ ನನಗೇ ಪೂರ್ತಿ ಭರವಸೆಯಿಲ್ಲ. ಆದರೆ ನಡೆದದ್ದಂತೂ ನಿಜ.

ತೊಂಬತ್ತರ ದಶಕದ ಕೊನೆ. ಚಳ್ಳಕೆರೆಯ ಸಣ್ಣ ಲ್ಯಾಬೊಂದರಲ್ಲಿ ನಾನು ಟೆಕ್ನಿಷಿಯನ್. ಕ್ಯಾನ್ಸರ್ ಎಂದು ಕತ್ತರಿಸಿ ತೆಗೆದ ಕರುಳು, ಕೆಡದಂತೆ ಫಾರ್ಮಲಿನ್ ತುಂಬಿದ ಡಬ್ಬಿಯಲ್ಲಿ ಬಂದಿತ್ತು. ಅದಕ್ಕಂಟಿದ ಕೊಬ್ಬಿನೊಳಗೆ ಕಾಳಿನಂಥ ಗ್ರಂಥಿಗಳಿರುತ್ತವೆ. ಎಲ್ಲವನ್ನೂ ಹುಡುಕಿ ತೆಗೆಯಬೇಕು. ರೋಗ ಕರುಳು ದಾಟಿದೆಯೋ ಇಲ್ಲವೋ ಎಂದು ಹೇಳುವುದು ಅವೇ.

“ನೀನೇ ಹುಡುಕಿಡಪ್ಪ, ಬೋಟಿ ತೊಳೆದ ಕೈ ನಿಂದು,” ಎಂದು ನಕ್ಕರು ಡಾಕ್ಟರು. “ಬೆಳಿಗ್ಗೆ ನೋಡ್ತೀನಿ. ಸಾಸಿವೆಯಷ್ಟಿದ್ರೂ ಬಿಡಬೇಡ.”

ಅದು ಬಿ.ಜಿ. ಕೆರೆಯ ನನ್ನ ಅಕ್ಕನ ಕರುಳೆಂದು ಅವರಿಗೆ ಹೇಳಿರಲಿಲ್ಲ.

ಕುರಿ ಕೊಯ್ದ ದಿನ, ಕಂಬಳಿ ಹೊದ್ದು ನನ್ನ ಬೆನ್ನ ಹಿಂದೆ ಕೂತು, ಬೋಟಿ ಶುಚಿ ಮಾಡುವುದನ್ನು ಕಲಿಸಿದ್ದೂ ಅಕ್ಕನೇ. “ಕಣ್ಣಾಗೆ ಹುಡುಕ್ಬೇಡ್ಲೇ, ಬೆರಳಾಗೆ ಹುಡುಕು. ಗಂಟು ಉಳಿದ್ರೆ ನಿಮ್ ಭಾವ ನನ್ನೇ ಬೈತಾನೆ.”

ಆ ರಾತ್ರಿ ಕಣ್ಣು ಮುಚ್ಚಿ ಕೊಬ್ಬನ್ನು ಒತ್ತುತ್ತಾ ಹೋದೆ. ಐದು ಸಿಕ್ಕವು, ಎಲ್ಲವೂ ಮೆತ್ತಗಿದ್ದವು; ರೋಗ ಹೊಕ್ಕಿದ್ದರೆ ಸಾಮಾನ್ಯವಾಗಿ ಗಟ್ಟಿಯಾಗಿರುತ್ತವೆ. ಒಂದು ಮೂಲೆ ಉಳಿದಿತ್ತು. ಅಲ್ಲಿಗೆ ಕೈ ಹೋಗಲಿಲ್ಲ... ಸಿಗದಿದ್ದರೆ ಅಕ್ಕ ಉಳಿಯುತ್ತಾಳೆ ಅನ್ನಿಸಿಬಿಟ್ಟಿತು.

ಬೆನ್ನ ಹಿಂದೆ ಕಂಬಳಿಯ ವಾಸನೆ... ಫಾರ್ಮಲಿನ್ ಘಾಟನ್ನೂ ಮೀರಿ. ಯಾರೋ ಉಸಿರಾಡುವ ಸದ್ದು.

“ಆ ಮೂಲೆ ಬಿಟ್ಟೀಯಲ್ಲೋ, ಕಳ್ಳ.”

ತಿರುಗಿ ನೋಡಲಿಲ್ಲ. ತಟ್ಟೆಯನ್ನು ಹಾಗೇ ಬಿಟ್ಟು, ಬೀಗ ಹಾಕಿ ಓಡಿದೆ. ಇನ್ನೊಂದು ಕೀಲಿ ಇರಲಿಲ್ಲ ಎಂದೇ ನನ್ನ ನೆನಪು.

ಬೆಳಿಗ್ಗೆ ತಟ್ಟೆಯಲ್ಲಿ ಆರಿದ್ದವು. ಉಳಿದಿದ್ದ ಮೂಲೆಯ ಕೊಬ್ಬನ್ನು ಯಾರೋ ಬೆರಳಿನಿಂದ ಬಿಡಿಸಿದಂತಿತ್ತು. ಆರನೆಯದು ಕಲ್ಲಿನ ಹಾಗೆ ಗಟ್ಟಿ.

ಆಸ್ಪತ್ರೆಗೆ ಓಡಿದೆ. ಸಲೈನ್ ಹಾಕಿಸಿಕೊಂಡು ಮಲಗಿದ್ದ ಅಕ್ಕ ತನ್ನ ಬೆರಳು ಮೂಸಿ ನೋಡುತ್ತಿದ್ದಳು.

“ತಮ್ಮಾ, ಸೋಪು ತಾರೋ. ಯಾಕೋ ಕೈ ನಿನ್ ಲ್ಯಾಬಿನ ಥರ ಘಾಟು ಹೊಡೀತೈತೆ.”

“ರಾತ್ರಿ ಎದ್ದಿದ್ಯಾ?”

“ಮಗ್ಗುಲಾಗಾಕೇ ಆಗ್ತಿಲ್ಲ, ಎಲ್ಲಿಗ್ಲೇ ಹೋಗ್ಲಿ?” ನಗಲು ಹೋಗಿ ಹೊಲಿಗೆ ಹಿಡಿದುಕೊಂಡಳು.

ಬಕೆಟ್ಟಿನಲ್ಲಿ ನೀರು ತಂದು ಎರಡು ಸಲ ಅವಳ ಕೈ ತೊಳೆದೆ. ವಾಸನೆ ಹೋಗಲಿಲ್ಲ.

ವಾರದ ಮೇಲೆ ವರದಿ ಬಂತು. ರೋಗ ಆರನೆಯದರಲ್ಲಿ ಮಾತ್ರ ಇತ್ತು. ಅದು ಸಿಕ್ಕಿದ್ದಕ್ಕೇ ಕೀಮೋ ಕೊಟ್ಟರು, ಅಕ್ಕ ಎರಡು ವರ್ಷ ಇದ್ದಳು. ಆ ಮೂಲೆಯನ್ನು ಬೇಕೆಂದೇ ಬಿಟ್ಟಿದ್ದೆನೆಂದು ಆ ಎರಡು ವರ್ಷದಲ್ಲಿ ಒಂದು ಸಲವಾದರೂ ಅವಳಿಗೆ ಹೇಳಬೇಕಿತ್ತು. ಹೇಳಲಿಲ್ಲ.

ನಾನೇ ನಿದ್ದೆಗಣ್ಣಲ್ಲಿ ವಾಪಸು ಹೋಗಿ ತೆಗೆದಿರಬಹುದು. ಹಾಗೆಂದು ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಯಾರೂ ತೆಗೆಯದೇ ಹೋಗಿದ್ದರೆ, ಆ ಮೂಲೆಯನ್ನು ನೋಡಿಲ್ಲವೆಂದು ಡಾಕ್ಟರಿಗೆ ನಾನು ಹೇಳುತ್ತಿದ್ದೆನೇ? ನನಗೆ ಗೊತ್ತಿಲ್ಲ.